ಮೂರನೇ ಬಾಗಿಲಿನ ಸುದ್ದಿ

ಅರೆಮನೆ, ಎರೆಕಲ್ಲು
ಫೆಬ್ರವರಿ ೩೧, ೨೪೧೭

ಮಾಲಿನಿ ಬಾಳಿಗಾ ಅವರಿಗೆ ಅರೆಮನೆಯ ಕೂಗುಗಾರ್ತಿ ಹಾಲವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟು ಕಂಡರೆ ಮಾತ್ರ ಕ್ಷಮಿಸುವುದು ಬೇಡ, ಅದು ನಿಮ್ಮ ಮೇಲಿನದೇ.

ಅರೆಮನೆ ಎಂದರೆ ನಿಮ್ಮ ಕಾಲದ ಬಿದ್ದ ಕಟ್ಟಡಗಳನ್ನು ಪುಡಿಮಾಡಿ ಇಟ್ಟಿಗೆ ಒತ್ತುವ ಜಾಗ. ಅರೆಯುವ ಯಂತ್ರಕ್ಕೆ ಮೂರು ಬಾಗಿಲು, ಆನೆ ಗಾತ್ರದ ಎರಡು ಹಲ್ಲುಗಾಲಿ. ಅದನ್ನು ನಡೆಸುವ ಪರದೆ ನಿಂತಿರುವುದು ನಿಮ್ಮ ‘ಜಾಲಂಧ್ರ’ದ ಮೇಲೆ. ಹೌದು, ವೆಬ್ ಪುಟ ಕಟ್ಟಲೆಂದು ನೀವು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದ ಅದೇ ಫ್ರೇಮ್‌ವರ್ಕ್. ಕೋಡ್ ತಿದ್ದಬಲ್ಲವರು ನಮ್ಮಲ್ಲಿ ಇಲ್ಲವಾಗಿ ನೂರು ವರ್ಷವಾಯಿತು. ಹಾಗಾಗಿ ಯಂತ್ರ ನಿಂತರೆ ಪರದೆಯ ಸಾಲನ್ನು ಕೂಗುಗಾರ್ತಿ ಗಟ್ಟಿಯಾಗಿ ಕೂಗುತ್ತಾಳೆ, ಗುಂಡಿಯ ಮುಂದಿನವನು ಕೂಗಿದ್ದನ್ನು ಮಾಡುತ್ತಾನೆ. ಒಂದು ಮಾತು ಹೆಚ್ಚಿಗೆ ಸೇರಿಸಿದರೆ ನಾಲಿಗೆಗೆ ಕಾದ ಸರಳು. ನನ್ನ ಚಿಕ್ಕವ್ವ ಮೂಕಿಯಾದದ್ದು ಹಾಗೆಯೇ.

ಹೋದ ಸೋಮವಾರ ನನ್ನ ತಮ್ಮ ಶರಭ ಸಿಕ್ಕಿಕೊಂಡ ಕಬ್ಬಿಣ ಎಳೆಯಲು ಹಿಂಬದಿಯ ಮೂರನೇ ಬಾಗಿಲಿನಿಂದ ಒಳಗಿಳಿದ. ಬಾಗಿಲು ತೆರೆದಿದ್ದರೆ ಯಂತ್ರ ತಿರುಗದು ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಆ ಬಾಗಿಲಿನ ತಂತಿ ಹರಿದಿತ್ತು, ಅದು ತೆರೆದಿದೆಯೋ ಮುಚ್ಚಿದೆಯೋ ಎಂಬ ಸುದ್ದಿಯೇ ಪರದೆಗೆ ಹೋಗಲಿಲ್ಲ. ಮುಂಬದಿಯವರು ಗುಂಡಿ ಒತ್ತಿದರು. ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ಪರದೆಯ ಮೇಲೆ ಬಂದದ್ದು ಇಷ್ಟೇ: “ಮೌಲ್ಯ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿ.” ಆ ಹೊತ್ತಿಗೆ ಅವನ ಕಾಲು ಮಾತ್ರ ಹೋಗಿತ್ತು, ಆಗಲೇ ಹೊರಗೆಳೆದಿದ್ದರೆ ಬದುಕುತ್ತಿದ್ದ. ನಾನು ಆ ಸಾಲನ್ನೇ ಕೂಗಿದೆ, ಗುಂಡಿಯವನು ಮತ್ತೆ ಒತ್ತಿದ. ಎರಡನೇ ಸುತ್ತಿಗೆ ಸೊಂಟ ಮುರಿಯಿತು. ಮತ್ತೆರಡು ಸಲ ಅದೇ ಸಾಲು ಬಂತು, ಎರಡು ಸಲವೂ ಕೂಗಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ನಾನು ಮೂರು ಸಲ ಆಡಿದೆ. ಅವನ ಕೂಗು ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ನನ್ನದು ಎಲ್ಲರಿಗೂ ಕೇಳಿತು. ಕೊನೆಗೆ ಇಟ್ಟಿಗೆ ಕೆಂಪಾಗಿ ಬರತೊಡಗಿದಾಗ ಯಂತ್ರ ನಿಲ್ಲಿಸಿದರು.

ಆಮೇಲೆ ಯಂತ್ರದೊಳಗಿನ ದಾಖಲೆ ಬಿಚ್ಚಿ ಓದಿದೆ. ಮೂರನೇ ಬಾಗಿಲು, ಸುದ್ದಿ ಬಂದಿಲ್ಲ, ಇಂಥ ಕಡತ, ಇಂಥ ಸಾಲು. ನಿಮ್ಮ ಜಾಲಂಧ್ರಕ್ಕೆ ಎಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ ಅಷ್ಟೇ. ಇದನ್ನು ಹಿರಿಯರಿಗೆ ಹೇಳಿದ್ದಕ್ಕೆ ನನ್ನ ಎರಡು ಹಲ್ಲು ಉದುರಿಸಿದರು.

ಜಾಲಂಧ್ರದ ಬಗ್ಗೆ ನಿಮ್ಮ ಕಾಲದ ಚರ್ಚೆಯೂ ಅಲ್ಲೇ ಸಿಕ್ಕಿತು, ಅದರ ಕೆಳಗೇ ಇದನ್ನು ಬರೆಯುತ್ತಿದ್ದೇನೆ. ದಿಲ್‌ಶಾದ್ ಎಂಬ ಹುಡುಗಿ ಒಂದು ತಿದ್ದುಪಡಿ ಕಳಿಸಿದ್ದಾಳೆ: ಎಲ್ಲಿ ತಪ್ಪಿತು, ಏನು ಬರಬೇಕಿತ್ತು, ಏನು ಬಂತು, ಎಲ್ಲಿ ಹೋಗಿ ನೋಡಬೇಕು, ಇಷ್ಟನ್ನೂ ಪರದೆಯ ಸಂದೇಶವೇ ಹೇಳುವಂತೆ. ನೀವು ಬರೆದಿದ್ದೀರಿ, ಸಂದೇಶ ಉದ್ದವಾಯ್ತು, ಡೆವಲಪರ್‌ಗಳು ಹೇಗೂ ಹುಡುಕಿಕೊಳ್ತಾರೆ, ಮುಂದೆ ನೋಡೋಣ ಎಂದು. ಯಾರ್ರೀ ಹುಡುಕಿಕೊಳ್ಳೋದು? ನಾವು ಹುಡುಕಿದ್ದು ಅವನ ಬೆರಳುಗಳನ್ನು, ಇಟ್ಟಿಗೆ ಪುಡಿಯಲ್ಲಿ. ಏಳು ಸಿಕ್ಕವು.

ಆ ಹುಡುಗಿಯ ತಿದ್ದುಪಡಿಯನ್ನು ಇವತ್ತೇ ಒಪ್ಪಿಕೊಳ್ಳಿ ತಾಯಿ, ಕಾಲಿಗೆ ಬೀಳ್ತೀನಿ. ಸತ್ತವನ ಕೆಲಸ ಮನೆಯವರಿಗೇ ಎಂಬುದು ಇಲ್ಲಿನ ಕಟ್ಟಳೆ. ನಾಳೆ ಬೆಳಿಗ್ಗೆ ಮೂರನೇ ಬಾಗಿಲಿನಿಂದ ಒಳಗಿಳಿಯುವವಳು ಶರಭನ ಹೆಂಡತಿ ನೀಲವ್ವ. ತಂತಿ ಇನ್ನೂ ಹಾಗೆಯೇ ಇದೆ, ಪರದೆ ಹೇಳದೆ ಅದನ್ನು ಯಾರೂ ಮುಟ್ಟುವಂತಿಲ್ಲ. ಪರದೆಯ ಮುಂದೆ ನಿಂತು ಕೂಗುವವಳು ನಾನು.