ಒದ್ದೆ ಕೈಗೆ ಬಂದ ಕೆಟಲ್

ಮಹಡಿಯ ಬೈಂಡಿಂಗ್ ಕೋಣೆಯಿಂದ,
ಮಾರ್ಚ್ ೧೧, ಸೋಮವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊಸ ರೂಮಿನ ಸುಣ್ಣದ ವಾಸನೆ ಹೋಯಿತೇ? ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ನಿಂತು ಹಿಮ್ಮಡಿ ನೋಯುತ್ತದೆ ಎಂದು ನೀನು ಬರೆದಿದ್ದೆ. ಉಗುರು ಬೆಚ್ಚಗಿನ ನೀರಲ್ಲಿ ಕಾಲಿಟ್ಟುಕೊಂಡು ಕೂರು, ಆ ತೆಳು ಚಪ್ಪಲಿಯನ್ನು ಮೊದಲು ಬಿಸಾಡು. ನಾನು ಚೆನ್ನಾಗಿದ್ದೇನೆ. ಅಂಟು ಕಲಸಿ ಕಲಸಿ ಬಲಗೈ ಹೆಬ್ಬೆರಳು ಮುಷ್ಕರ ಹೂಡಿದೆ, ಅಷ್ಟೆ. ಮನೆಯಲ್ಲಿ ಎಲ್ಲವೂ ನೀನು ಬಿಟ್ಟುಹೋದ ಹಾಗೆಯೇ ಇದೆ. ಸಕ್ಕರೆ ಡಬ್ಬಿಗೆ ಇರುವೆ ಮುತ್ತುವುದು ನಿಂತಿಲ್ಲ. ನೀನು ಚಿಕ್ಕವಳಿದ್ದಾಗ ಬೂದಿ ಹಾಕಿ ತಿಕ್ಕಿ ತಿಕ್ಕಿ ಸೋತಿದ್ದೆಯಲ್ಲ, ಅದೇ ಕರಿ ಮುಚ್ಚಳ ಈಗಲೂ ಆ ಡಬ್ಬಿಯ ಮೇಲೆ ಓರೆಯಾಗಿ ಕೂತಿದೆ. ಅದು ಈ ಡಬ್ಬಿಯದಲ್ಲ ಎಂದು ನಾನು ಹೇಳುವುದೂ, 'ಇರ್ಲಿ ಬಿಡಿ, ಇರುವೆಗೂ ಹೊಟ್ಟೆ ಇದೆ' ಎಂದು ನಿನ್ನಮ್ಮ ಹೇಳುವುದೂ ನಡೆದೇ ಇದೆ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಹಿಂದಿನ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: 'ನನ್ನ ನೀಲಿ ಕೆಟಲ್ ಬೇಕು, ಅಮ್ಮ ಎಸೆದಿಲ್ಲ ಅಂದ್ರೆ ಕಳಿಸಿ.' ನಿನ್ನ ಪತ್ರಗಳು ನನ್ನ ಹೆಸರಿಗೇ ಬಂದರೂ ನಾನು ಅವನ್ನು ಗಟ್ಟಿಯಾಗಿ ಓದುತ್ತೇನೆ. ನಿನ್ನಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ, ಕೇಳಿಸದವಳ ಹಾಗೆ, ಒಂದಕ್ಷರ ಬಿಡದೆ ಕೇಳುತ್ತಾಳೆ. ಆ ಸಾಲಿಗೆ ಯಂತ್ರ ನಿಂತಿತು. ಅವಳು ಎದ್ದು ಬೀರುವಿನ ಮೇಲೆ ನೋಡಿದಳು. ಅಲ್ಲಿ ಕೆಟಲ್ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ನೋಡಿದಳು. ಆ ಪತ್ರ ಬರುವ ಹತ್ತು ದಿನ ಮೊದಲು, ಅದರಲ್ಲಿ ಇಡುತ್ತಿದ್ದ ಗುಂಡಿಗಳನ್ನೆಲ್ಲ ಬೇರೆ ಡಬ್ಬಕ್ಕೆ ಸುರಿದು, ಕೆರೆಯ ಈಜು ಸ್ಪರ್ಧೆಯ ಬಹುಮಾನದ ಮೇಜಿಗೆ ಅವಳೇ ಅದನ್ನು ಕೊಟ್ಟುಬಿಟ್ಟಿದ್ದಳು. ದೋಣಿ ರಿಪೇರಿಯವನು, ಅದೇ ನಿಮ್ಮ 'ಕ್ಯಾಪ್ಟನ್', ಮನೆಮನೆಗೆ ಬಂದು ಸಾಮಾನು ಕೇಳುವಾಗ ಕೈಗೆ ಸಿಕ್ಕಿದ್ದು ಅದು. ಮುಚ್ಚಳವಿಲ್ಲದ ಕೆಟಲ್ ಇನ್ನು ಯಾರಿಗೆ ಬೇಕು ಎಂದುಕೊಂಡಳಂತೆ.

ಮಾರನೆಯ ಬೆಳಿಗ್ಗೆಯೇ ಅವನ ಷೆಡ್ಡಿಗೆ ಹೋದಳು. ನಾನೂ ಹಿಂದೆ ಹೋದೆ. ಬದಲಿಗೆ ಹೊಸ ಕಂಬಳಿ ಕೊಡುತ್ತೇನೆ ಎಂದಳು, ಎರಡು ಕೊಡುತ್ತೇನೆ ಎಂದಳು. ಕ್ಯಾಪ್ಟನ್ ದೋಣಿಯ ಅಡಿಯಿಂದ ತಲೆ ಮಾತ್ರ ಹೊರಗೆ ಹಾಕಿ, 'ಮೇಜಿಗೆ ಬಂದಿದ್ದು ಒದ್ದೆ ಕೈಗೇ ಹೋಗ್ಬೇಕು ಅಕ್ಕಾ. ಒಂದ್ಸಲ ನನ್ನ ಟಾರ್ಚನ್ನೇ ಯಾರೋ ಮರೆತು ಅಲ್ಲಿಟ್ರು, ನಾನೇ ಈಜಿ ತಂದೆ. ಹೆಂಡ್ತಿ ವಾರಗಟ್ಟಲೆ ನಕ್ಕಳು' ಎಂದ. ನಿನ್ನಮ್ಮ, 'ಹಾಗಾದ್ರೆ ನನ್ನ ಹೆಸರು ಬರ್ಕೋ' ಎಂದಳು. ಅವನ ತಲೆ ದೋಣಿಗೆ ಬಡಿಯಿತು. ನನ್ನ ತಲೆಗೆ ಬಡಿಯಲು ಮೇಲೆ ಏನೂ ಇರಲಿಲ್ಲ, ಆದರೂ ಬಡಿದ ಹಾಗೇ ಆಯಿತು.

ಅವಳು ದೋಣಿ ದಾಟಿಸುವವನ ಮಗಳು ಎಂದು ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ನೀರಿಗಿಳಿದದ್ದನ್ನು ನಾನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಐವತ್ತೆಂಟರ ಹೆಂಗಸಿಗೆ ಅಂಗಡಿಯಲ್ಲಿ ಸಿಗುವ ಈಜುಡುಗೆ ಹಿಡಿಸಲಿಲ್ಲ. ಹಳೆಯ ಕೊಡೆಗಳ ಬಟ್ಟೆ ಬಿಚ್ಚಿ ಮೊಣಕೈ ಮುಚ್ಚುವ ತೋಳು, ಮೊಣಕಾಲು ಮುಚ್ಚುವ ಚಡ್ಡಿ ಹೊಲಿದಳು. ಮೊದಲನೆಯದರೊಳಗೆ ಗಾಳಿ ತುಂಬಿ ಅವಳು ಬೆಂಡಿನ ಹಾಗೆ ತೇಲಿದಳು, ಎರಡನೆಯದರ ಕಂಕುಳು ಹರಿಯಿತು, ಮೂರನೆಯದು ಸರಿಹೋಯಿತು. ಆರು ವಾರ ದಿನಾ ಬೆಳಿಗ್ಗೆ ಟವೆಲ್ ಹಿಡಿದು ದಡದಲ್ಲಿ ನಿಲ್ಲುವುದು ನನ್ನ ಕೆಲಸವಾಯಿತು. ಮೊದಲ ದಿನ ಅವಳು ಮೂವತ್ತು ಮಾರು ಹೋಗಿ ಕೆಮ್ಮುತ್ತ ವಾಪಸು ಬಂದಳು. ಬಿಟ್ಟುಬಿಡೋಣ ಎಂದೆ. 'ಎಸೆದಿಲ್ಲ ಅಂದ್ರೆ ಅಂತ ಬರ್ದಿದಾಳೆ ಕಣ್ರೀ' ಎಂದಷ್ಟೇ ಹೇಳಿ ಮತ್ತೆ ಇಳಿದಳು.

ಸ್ಪರ್ಧೆಯ ಪದ್ಧತಿ ನಿನಗೆ ಗೊತ್ತಿರುವುದೇ. ಆದರೆ ನೀನು ಈಜಿದ ವರ್ಷ ನಾನು ಬಂದಿರಲಿಲ್ಲ. ನಿನ್ನೆ ಭಾನುವಾರ ಮೊದಲ ಸಲ ಕಣ್ಣಾರೆ ಕಂಡವನಾದ್ದರಿಂದ ಬರೆಯುತ್ತೇನೆ, ಸಹಿಸಿಕೋ. ಕಪ್ಪಿಲ್ಲ, ಪದಕವಿಲ್ಲ. ಎಷ್ಟು ಜನ ಈಜುಗಾರರೋ ಮೇಜಿನ ಮೇಲೆ ಅಷ್ಟೇ ಸಾಮಾನು. ಮೊದಲು ಬಂದವರು ಮೊದಲು ಆರಿಸಿಕೊಳ್ಳಬೇಕು, ಅದೂ ಟವೆಲ್ ಮುಟ್ಟದೆ, ನೀರು ತೊಟ್ಟಿಕ್ಕುವ ಕೈಯಲ್ಲಿ. ದಡದವರು ಸಲಹೆ ಕೊಡುವಂತಿಲ್ಲ. ಈಜು ಶುರುವಾಗಿ ಎರಡು ತಾಸಿಗೆ ಗಂಟೆ ಬಾರಿಸುತ್ತಾರೆ. ಆಮೇಲೆ ನೀರಿನಲ್ಲಿ ಉಳಿದವರನ್ನು ದೋಣಿಗೆ ಹತ್ತಿಸಿಕೊಂಡು ಚಹಾ ಕೊಡುತ್ತಾರೆ, ಬಹುಮಾನವಿಲ್ಲ. ಮೇಜಿನ ಮೇಲೆ ಮೂವತ್ತೆಂಟು ವಸ್ತುಗಳಿದ್ದವು: ಕುಕ್ಕರ್, ಗೋಡೆ ಗಡಿಯಾರ, ಕಂಬಳಿ, ಕೊಡೆ, ಇಸ್ತ್ರಿ ಪೆಟ್ಟಿಗೆ, ಬಕೆಟ್ಟು. ಮೂಲೆಯಲ್ಲಿ ನಿನ್ನ ಕೆಟಲ್, ಬಾಯಿ ಬಿಟ್ಟುಕೊಂಡು.

ಎದುರು ದಡದ ಕಲ್ಲುಗಣಿಯಿಂದ ಇಲ್ಲಿಗೆ ಎರಡು ಕಿಲೋಮೀಟರು. ಮೊದಲ ಹತ್ತು ಜನ ನೀರನ್ನು ಬಡಿದುಕೊಂಡು ಬಂದರು, ಒಳ್ಳೊಳ್ಳೆಯದನ್ನು ಎತ್ತಿಕೊಂಡು ಹೋದರು. ಹನ್ನೊಂದನೆಯವನಾಗಿ ಬಂದವನು ನಮ್ಮ ಬೀದಿಯ ಬ್ರೆಡ್ ಅಂಗಡಿಯವನು. ಕೈ ನೇರವಾಗಿ ಕೆಟಲಿಗೇ ಹೋಯಿತು. 'ನಮ್ಮ ನಾಯಿಗೆ ನೀರಿಡೋಕೆ ಆಗುತ್ತೆ' ಎಂದು ತನಗೆ ತಾನೇ ಹೇಳಿಕೊಂಡ. ಮಗಳೇ, ಇಷ್ಟು ವರ್ಷ ಮಾತಾಡಬೇಕಾದ ಕಡೆಯೆಲ್ಲ ಸುಮ್ಮನಿದ್ದವನು ನಾನು. ಮಾತಾಡಲೇಬಾರದ ಆ ಒಂದು ಗಳಿಗೆಯಲ್ಲಿ ಬಾಯಿ ಬಿಡಲು ಹೊರಟಿದ್ದೆ. ಟವೆಲಿನ ಅಂಚು ಕಚ್ಚಿ ಹಿಡಿದೆ. ಅವನು ಕೆಟಲನ್ನು ಎತ್ತಿ ಬೆಳಕಿಗೆ ಹಿಡಿದ, ಒಳಗೆ ಇಣುಕಿದ, 'ಬಾಯಿ ಚಿಕ್ಕದಾಯ್ತು, ಮೂತಿ ಸಿಕ್ಕಿಹಾಕ್ಕೊಳ್ಳುತ್ತೆ' ಎಂದು ಕೆಳಗಿಟ್ಟು ಬಕೆಟ್ಟು ಒಯ್ದ. ಆ ನಾಯಿಯ ಮೂತಿಗೆ ನಾನು ಜೀವನಪೂರ್ತಿ ಋಣಿ.

ಒಂದೂವರೆ ಗಂಟೆ ದಾಟಿತು. ನಿನ್ನಮ್ಮ ಕಾಣಲಿಲ್ಲ. ಒಂದು ದೋಣಿ ನಡುವೆಯೇ ಸುಸ್ತಾದ ಇಬ್ಬರನ್ನು ಹತ್ತಿಸಿಕೊಂಡು ಬಂತು. ಹೋಗಿ ನೋಡಿದೆ, ಅವಳಲ್ಲ. ನೆಮ್ಮದಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಆಮೇಲೆ ದೂರದಲ್ಲಿ ಒಂದು ಕರಿ ಚುಕ್ಕೆ. ಉಳಿದವರ ಸುತ್ತ ನೊರೆ ಏಳುತ್ತಿತ್ತು, ಇದರ ಸುತ್ತ ಏನೂ ಇಲ್ಲ. ಹತ್ತಿರ ಬಂದಾಗ ಕಂಡೆ. ಅವಳು ಒಂದು ಮಗ್ಗುಲಾಗಿ, ಒಂದು ಕಿವಿ ನೀರಿಗೆ ಕೊಟ್ಟು, ಕೆರೆ ಏನೋ ಹೇಳುತ್ತಿದೆ ತಾನು ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವ ಹಾಗೆ ಬರುತ್ತಿದ್ದಳು. ಕೈ ಒಳಗೆ ಹೋದದ್ದೂ ಗೊತ್ತಾಗುತ್ತಿರಲಿಲ್ಲ, ಹೊರಗೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಮೇಲೆ ಕತ್ತರಿ ಹೋಗುವ ಹಾಗೆ ನೀರು ತಾನೇ ಬಿಟ್ಟುಕೊಡುತ್ತಿತ್ತು. 'ಇದು ದೋಣಿಯವರ ಈಜು' ಎಂದು ಕ್ಯಾಪ್ಟನ್ ಮೆಲ್ಲಗೆ ಹೇಳಿ ತಲೆಯ ಟೋಪಿ ತೆಗೆದ. ಇವಳು ನನ್ನ ಹೆಂಡತಿ ಎಂದು ಪಕ್ಕದವರಿಗೆ ಹೇಳಲು ನನಗೆ ಸಂಕೋಚವಾಯಿತು. ಅಷ್ಟು ದೊಡ್ಡ ಮಾತನ್ನು ಆಡಲು ನಾನು ಯಾರು ಎನಿಸಿತು.

ಒಂದು ಗಂಟೆ ಐವತ್ತೊಂದು ನಿಮಿಷಕ್ಕೆ ಅವಳ ಕಾಲು ನೆಲ ಮುಟ್ಟಿತು. ಇಪ್ಪತ್ತೇಳನೆಯವಳು. ತೊಡೆ ನಡುಗುತ್ತಿತ್ತು, ತುಟಿ ಕಪ್ಪಾಗಿತ್ತು. ಟವೆಲ್ ಚಾಚಿದ ನನ್ನ ಕೈಯನ್ನು ಕಣ್ಣಿನಲ್ಲೇ ಗದರಿಸಿ ಮೇಜಿಗೆ ನಡೆದಳು. ಹನ್ನೆರಡು ವಸ್ತು ಉಳಿದಿದ್ದವು. ಯಾಕೋ ಕುಕ್ಕರನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ನಮ್ಮ ಮನೆಯದರ ಹಿಡಿ ಮುರಿದು ಎರಡು ವರ್ಷವಾಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಕೆಟಲ್ ಎತ್ತಿಕೊಂಡಳು. ಅವಳ ಹಿಂದೆಯೇ ಈಜಿ ಬಂದು ನಿಂತಿದ್ದ ಪೋಸ್ಟ್‌ಮನ್ ತಡೆಯಲಾರದೆ, 'ಅಕ್ಕಾ, ಕುಕ್ಕರ್ ಇದೆ! ಕಣ್ಣಿಗೆ ನೀರು ಹೋಗಿದ್ಯಾ?' ಎಂದ. 'ನನ್ನ ಮಗಳು ಕೇಳಿದಾಳೆ' ಎಂದಳು. ಅಷ್ಟೇ.

ಇನ್ನೊಂದು ವಿಷಯ ಉಳಿಯಿತು. ಕ್ಯಾಪ್ಟನ್ ಪುಸ್ತಕದಲ್ಲಿ ಅವಳ ರುಜು ಹಾಕಿಸಿಕೊಳ್ಳುತ್ತ, 'ಈ ಕೆಟಲ್ ಎರಡನೇ ಸಲ ಹೋಗ್ತಿದೆ. ನಿಮ್ಮ ಮಗಳೂ ರೇಡಿಯೋ ಬಿಟ್ಟು ಇದನ್ನೇ ಎತ್ಕೊಂಡಿದ್ಳು' ಎಂದ. 'ಅವಳು ಕೊನೆಗೆ ಬಂದಿದ್ದಲ್ವಾ?' ಎಂದು ನಿನ್ನಮ್ಮ ಕೇಳಿದಳು. ಅವನು ಹನ್ನೊಂದು ವರ್ಷ ಹಿಂದಿನ ಪುಟ ತೆಗೆದು ತೋರಿಸಿದ. ನಾಲ್ಕನೆಯ ಸಾಲಿನಲ್ಲಿ 'ಟೈಲರಕ್ಕನ ಮಗಳು, ನೀಲಿ ಕೆಟಲ್' ಎಂದಿತ್ತು. ನಾಲ್ಕನೆಯವಳು! ರೇಡಿಯೋ ಐದನೆಯವನ ಪಾಲಾಗಿತ್ತು. ಅಂದು ನೀನು ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಾಗ, 'ಪರೀಕ್ಷೆಗೆ ಓದೋದು ಬಿಟ್ಟು ಈಜಿ ತಂದಿದ್ದು ಇದಾ? ಎಲ್ರೂ ಬಿಟ್ಟಿದ್ದನ್ನ ಹೊತ್ಕೊಂಡು ಬಂದ್ಯಲ್ಲೇ' ಎಂದು ಅವಳು ಅಂದದ್ದು ನನ್ನ ಕಿವಿಯಲ್ಲಿದೆ. ನೀನು ಏನನ್ನೋ ಹೇಳಲು ಬಾಯಿ ತೆರೆದು ಮುಚ್ಚಿದ್ದೂ ಕಣ್ಣಲ್ಲಿದೆ. ಅಂಟಿನ ಕುಂಚ ಹಿಡಿದು ಅಲ್ಲೇ ಇದ್ದ ನಾನು ಏನೂ ಹೇಳಲಿಲ್ಲ. ಅದಾದ ಮೇಲೆ ನೀನು ಕೆರೆಗೆ ಹೋಗಲಿಲ್ಲ, ಅವಳೊಡನೆ ಬೇಕಾದಷ್ಟೇ ಮಾತು, ಆಮೇಲೆ ಅದೂ ಇಲ್ಲ. ದಾರಿಯುದ್ದಕ್ಕೂ ಅವಳು ಕೆಟಲನ್ನು ಎದೆಗೆ ಒತ್ತಿಕೊಂಡು, 'ರೇಡಿಯೋ ಬಿಟ್ಟು ಇದನ್ನ ಯಾಕೆ ತಂದ್ಳು?' ಎಂದು ನಾಲ್ಕು ಸಲ ಕೇಳಿದಳು.

ನಾಳೆ ಕೆಟಲನ್ನು ಹಳೆಯ ರಟ್ಟಿನಲ್ಲಿ ಸುತ್ತಿ ಪಾರ್ಸೆಲ್ ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಮ್ಮಡಿ ನೋವು ಹೇಗಿದೆ ಎಂದು ಬರೆ. ಎಲ್ಲಿದ್ದರೂ ಸುಖವಾಗಿರು ಮಗಳೇ.

ನಿನ್ನ,
ಅಪ್ಪ

ತಾ.ಕ.: ಪಾರ್ಸೆಲ್ ಬರುವುದಿಲ್ಲ. ಪತ್ರ ಮಡಿಸಿ ರಟ್ಟು ಹುಡುಕಲು ಕೆಳಗೆ ಹೋದೆ. ನಿನ್ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಇರುವೆ ಝಾಡಿಸಲು ಸಕ್ಕರೆ ಡಬ್ಬಿಯ ಕರಿ ಮುಚ್ಚಳ ತೆಗೆದವಳಿಗೆ, ನೀನು ತಿಕ್ಕಿದ್ದ ಅಂಚಿನಲ್ಲಿ ಬೆರಳಗಲ ನೀಲಿ ಕಂಡಿದೆ. ನೀನು ಶಾಲೆ ಸೇರುವ ಮೊದಲು ನಮ್ಮ ಮೊದಲ ಕೆಟಲ್, ಅದೂ ನೀಲಿಯದೇ, ತಳ ಸುಟ್ಟು ತೂತಾಗಿ ಗುಜರಿಗೆ ಹೋಗಿತ್ತು. ಅದರ ಮುಚ್ಚಳ ಇದು, ಅವಳು ಎಸೆಯಲಾರದೆ ಇಟ್ಟುಕೊಂಡದ್ದು. ನಾವಿಬ್ಬರೂ ಮರೆತಿದ್ದೆವು, ನೀನು ಮರೆತಿರಲಿಲ್ಲ, ಈ ಮುಚ್ಚಳಕ್ಕೆಂದೇ ರೇಡಿಯೋ ಬಿಟ್ಟು ಬಂದಿದ್ದೆ. ಈಗ ಅದು ನಿನ್ನ ಕೆಟಲಿನ ಮೇಲಿದೆ. 'ಅವಳಿಗೆ ಬರೀಬೇಡಿ, ನಾನೇ ಹೇಳ್ತೀನಿ' ಎಂದಿದ್ದಾಳೆ, ಆದರೂ ಬರೆಯುತ್ತಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ಅವಳೇ ತರುತ್ತಾಳೆ. ಬಾಗಿಲಲ್ಲಿ ಇಬ್ಬರಿಗೂ ಮಾತು ಹೊರಡದಿದ್ದರೆ ಮೊದಲು ನೀರು ಕಾಯಲು ಇಡು. ಮುಚ್ಚಳ ಸರಿಯಾಗಿ ಕೂರುತ್ತದೆ, ನಾನೇ ನೋಡಿದೆ.