ಒಂದು ಸೀಟಿಗೆ ಇಡೀ ಬಸ್ಸು

೩ ಏಪ್ರಿಲ್ ೨೦೧೨, ಮುಂಬೈ ಲೋಕಲ್‌ನಲ್ಲಿ

ಡೊಂಬಿವ್ಲಿಯಲ್ಲಿ ಸೀಟ್ ಸಿಗಲಿಲ್ಲ. ನಿಂತೇ ಬರೆಯುತ್ತಿದ್ದೇನೆ. ಊರಲ್ಲಿ, ಅಮ್ಮನ ತವರಲ್ಲಿ, ದೈವದ ನೇಮ — ಭೂತಕೋಲ. ಎಷ್ಟೋ ವರ್ಷದ ಮೇಲೆ ಹೊರಟಿದ್ದಾಳೆ. ದಿನಾ ಬ್ಯಾಗ್ ತುಂಬುವುದು, ಏನೋ ಮರೆತೆ ಅಂತ ಎಲ್ಲ ಹೊರಗೆ ತೆಗೆಯುವುದು, ಮತ್ತೆ ತುಂಬುವುದು... "ನೀನೂ ಬಾ ಸಮಿತ್." ಇಲ್ಲ ಅಂದೆ. ಅಲ್ಲಿ ಎಲ್ಲರದೂ ಒಂದೇ ಪ್ರಶ್ನೆ — ಎಷ್ಟು ಕಲಿತೆ? ಒಂಬತ್ತನೇ ಕ್ಲಾಸಿಗೇ ಬಿಟ್ಟೆ ಅಂತ ನಿಜ ಹೇಳುತ್ತೇನೆ. ಅಮ್ಮ ತಲೆ ತಗ್ಗಿಸುತ್ತಾಳೆ. ಅದು ನೋಡಲಾಗುವುದಿಲ್ಲ.

೪ ಏಪ್ರಿಲ್, ವಾಗ್ಳೆ ಎಸ್ಟೇಟ್

ಊರಿನ ಬಸ್‌ಗಳ ಬುಕಿಂಗ್ ಸೈಟ್ ನಮ್ಮ ಆಫೀಸಿನದೇ. ಸೀಟ್ ಒತ್ತಿ ಚಹಾ ಕುಡಿದು ಬರಬಹುದು, ಅಷ್ಟು ನಿಧಾನ. ಕಾರಣ ಸಿಕ್ಕಿತು. ನನ್ನದೇ ಕೋಡ್. ಒಬ್ಬೊಬ್ಬ ಗಿರಾಕಿಯ ನೆನಪಿಗೆ ಸರ್ವರ್ ಒಂದು ಗಂಟು ಕಟ್ಟಿಡುತ್ತದೆ, ಅದು ಸೆಷನ್. ಒಬ್ಬೊಬ್ಬ ಗಿರಾಕಿಯ ಸೆಷನ್‌ನಲ್ಲೂ ಎಲ್ಲ ಬಸ್, ಎಲ್ಲ ಸೀಟ್ ತುರುಕಿದ್ದೇನೆ. ಪ್ರತಿ ಕ್ಲಿಕ್‌ಗೂ ಸರ್ವರ್ ಆ ಗಂಟು ಬಿಚ್ಚಬೇಕು, ಮತ್ತೆ ಕಟ್ಟಿ ಡೇಟಾಬೇಸ್‌ಗೆ ಬರೆಯಬೇಕು. ಪಕ್ಕದ ಮೇಜಿನ ಸೋನಾಲಿ ನಕ್ಕಳು: "ಏಕ್ ಸೀಟ್ ಕೇ ಲಿಯೇ ಪೂರೀ ಬಸ್ ಉಠಾಕೇ ಘೂಮ್ ರಹಾ ಹೈ, ಪಾಗಲ್!" ಒಂದು ಸೀಟಿಗಾಗಿ ಇಡೀ ಬಸ್ಸು ಹೊತ್ತು ತಿರುಗುವ ಹುಚ್ಚನಂತೆ ನಾನು.

ಬಸ್ ನಂಬರ್, ಸೀಟ್ ನಂಬರ್ ಇಟ್ಟರೆ ಸಾಕು. ಉಳಿದದ್ದು ಬೇಕಾದಾಗ ಕೇಳಿದರಾಯಿತು.

೫ ಏಪ್ರಿಲ್

ಬಾಸ್ ಹರಿಶ್ಚಂದ್ರಣ್ಣ: "ನಾಡಿದ್ದು ರಜೆಯ ಬುಕಿಂಗ್ ಓಪನ್. ಈಗ ಕೋಡ್ ಮುಟ್ಬೇಡ ಮಾರಾಯ. ನಿನ್ನ ಅಮ್ಮನ ಸೀಟು ನಾನು ಒಳಗಿಂದಲೇ ಹಾಕಿಸ್ತೇನೆ."

"ಬೇಡ ಅಣ್ಣ. ಉಳಿದವರ ಅಮ್ಮಂದಿರು?"

ತುಂಬ ಬೈದರು. ಆಮೇಲೆ, "ಸರ್ವರ್ ಬಿದ್ರೆ ನೀನೇ ಎತ್ತಬೇಕು."

ಅಮ್ಮನಿಗೆ ಹೇಳಿದೆ. "ಹರಿಶ್ಚಂದ್ರನ ಹೆಸರು ಅವರಿಗೆ, ಹಠ ನಿನಗೆ!" ಅಂತ ನಕ್ಕಳು. ಆದರೆ ಊಟ ಬಡಿಸಿದವಳೇ ಮತ್ತೆ ಬ್ಯಾಗ್ ಬಿಚ್ಚಿದಳು. ಸೀಟು ಸಿಗದಿದ್ದರೆ ನೇಮ ತಪ್ಪುತ್ತದೆ.

೭ ಏಪ್ರಿಲ್, ಬೆಳಿಗ್ಗೆ, ಆಫೀಸ್

ಓಪನ್. ಹೊಸ ಕೋಡ್, ಒತ್ತಿದ ಕೂಡಲೇ ಪುಟ! ಅದೇ ವೇಗದಲ್ಲಿ ಸೀಟುಗಳೂ ಖಾಲಿ. ಇದು ಯೋಚಿಸಿರಲಿಲ್ಲ. ಮನೆಯಲ್ಲಿ ಸೀಟು ಹಿಡಿಯಲು ಕೂತ ಅಮ್ಮ ಒಂದೇ ಬೆರಳಲ್ಲಿ ಟೈಪ್ ಮಾಡುವವಳು... ಫೋನ್ ಮಾಡಿದರೆ ಆ ಬೆರಳೂ ನಿಲ್ಲುತ್ತದೆ. ಮಾಡಲಿಲ್ಲ. ನೇಮದ ಹೊತ್ತಿಗೆ ಊರು ಮುಟ್ಟುವ ಬಸ್ಸಲ್ಲಿ ಎರಡೇ ಉಳಿದವು, ಕೊನೆಯ ಸಾಲು. ರಿಫ್ರೆಶ್. ಒಂದೂ ಇಲ್ಲ.

ಬಸ್ಸಿನ ಪಟ್ಟಿ ತೆರೆದೆ. ಅಮ್ಮನ ಹೆಸರು, ಜಯಲತಾ. ಅದರ ಕೆಳಗೆ — ಸಮಿತ್.

ಈಗ ಫೋನ್ ಮಾಡಿದೆ. "ನನ್ನನ್ನು ಕೇಳಲೇ ಇಲ್ಲವಲ್ಲ?"

"ಕೇಳಿದ್ರೆ ಇಲ್ಲ ಅಂತಿ. ಎಷ್ಟು ಕಲಿತ ಅಂತ ಯಾರಾದ್ರೂ ಕೇಳ್ಲಿ, ಈ ಸಲ ನಾನು ಹೇಳ್ತೇನೆ. ನೀನು ಬ್ಯಾಗ್ ಹೊರು."

೧೪ ಏಪ್ರಿಲ್

ಸ್ವಲ್ಪ ಹೊತ್ತಲ್ಲಿ ಬಸ್. ನನಗೆ ಎರಡು ಅಂಗಿ ಸಾಕು, ಉಳಿದದ್ದು ಮಾವನ ಮನೆಯಲ್ಲಿ ಕೇಳಿದರಾಯಿತು ಅಂದೆ. "ಅವರ ಹತ್ರ ಕೇಳುದಾ?" ಅಂತ ಅಮ್ಮ ನನ್ನದೂ ಎಲ್ಲ ತುರುಕಲು ಇಡೀ ಬ್ಯಾಗ್ ನೆಲಕ್ಕೆ ಸುರಿದಳು. ಕೆಳಗೆ ರಿಕ್ಷಾದವನ ಹಾರ್ನ್. ಮಡಚಲು ಕರೆಯುತ್ತಿದ್ದಾಳೆ, ನಾನು —