ನನ್ನ ಕೈಯಾರೆ ಕೊಟ್ಟ ಗುಳಿಗೆ

ತಿಕೋಟಾ
೯ ಏಪ್ರಿಲ್ ೨೦೨೬

ಕಣ್ಮಣಿ ಯುನುಸನಿಗೆ ನಿನ್ನ ಅಮ್ಮಿಯ ಸಲಾಂ, ದುವಾ.

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿದ್ದೆ ಬರುತ್ತದೆಯೋ ಇಲ್ಲವೋ? ಸೊಲ್ಲಾಪುರದ ಬಿಸಿಲು ನಮ್ಮ ಬಿಸಿಲಿಗೇನೂ ಕಮ್ಮಿಯಲ್ಲ, ಹೊಲಿಗೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತುಕೊ. ಈದಿಗೆ ಬಂದರೂ ಬಂದೀಯೆಂದು ಶಾವಿಗೆಯ ಸುರಕುಂಬಾ ಎತ್ತಿಟ್ಟಿದ್ದೆ. ಮರುದಿನ ಹುಳಿಯಾಯಿತು, ಚೆಲ್ಲಿದೆ. ನಾನೇನು ಬಾ ಎಂದು ಕರೆದಿರಲಿಲ್ಲ, ಗೊತ್ತಿದೆ. ಫೋನು ಮಾಡೋಣವೆಂದರೆ ನಿಮ್ಮ ಅಬ್ಬಾ ಪಕ್ಕದಲ್ಲೇ ಕೂತಿರುತ್ತಾರೆ, ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳ ಈ ಸೊಟ್ಟ ಅಕ್ಷರ. ನಗಬೇಡ.

ಇಲ್ಲಿ ಮಣೂಕದ ಹಂಗಾಮು ಜೋರಾಗಿದೆ. ದಿನಾ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತೇನೆ, ಹಳದಿ ಬೇರೆ, ಕಪ್ಪು ಬೇರೆ. ಚಿಕ್ಕವನಿದ್ದಾಗ ನೀನು ಕಪ್ಪನ್ನೇ ಹುಡುಕಿ ತಿನ್ನುತ್ತಿದ್ದೆ, "ಇವ ಭಾಳ ಸಿಹಿ ಅದಾವ ಅಮ್ಮೀ" ಅಂತ. ನಿಮ್ಮ ಅಬ್ಬಾನ ಮನೆತನದಲ್ಲಿ ಹಿಂದೆ ಆಫ್ರಿಕಾದಿಂದ ಬಂದ ಹಬಶಿಗಳ ರಕ್ತ ಇದೆಯೆನ್ನುತ್ತಾರೆ. ಆ ಬಣ್ಣ, ಆ ಗುಂಗುರು ಕೂದಲು ನಿನಗೊಬ್ಬನಿಗೇ ಬಂತು. ಓಣಿಯ ಹುಡುಗರು "ಏ ಹಬಶಿ, ಬಳಿ ತೊಟ್ಕೊಂಡು ಬಾರಲೇ" ಎಂದು ಕೂಗಿದಾಗ ನಾನು ಅವರನ್ನು ಬೈಯಬೇಕಿತ್ತು. ನಿನ್ನನ್ನು ಬೈದೆ. ಕಣ್ಣಿನ ಕಾಡಿಗೆ ಒರೆಸಿದೆ, ಕಡಲೆಹಿಟ್ಟು ಹಚ್ಚಿ ಮುಖ ತಿಕ್ಕಿದೆ. ಎಂಥ ತಾಯಿ ನಾನು! ನೀನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ ಮೇಲೆಯೇ ವಿಜಯಪುರದ ಮನಸ್ಸಿನ ಡಾಕ್ಟರ ಹತ್ತಿರ ಓಡಿದ್ದು. ನೀನು ಮರೆಯುತ್ತೀಯೆಂದು ದಿನಾ ಗುಳಿಗೆ ಬಿಡಿಸಿ ಸಣ್ಣ ಡಬ್ಬಿಯಲ್ಲಿ ಹಾಕಿಡುವ ಕೆಲಸ ನಾನು ವಹಿಸಿಕೊಂಡೆ.

ಮೊನ್ನೆ ನಿಡೋಣಿಯ ಸಂಗನಬಸವ ಸೊಲ್ಲಾಪುರದಿಂದ ಊರಿಗೆ ಬಂದವನು ಶೆಡ್ಡಿಗೂ ಬಂದಿದ್ದ. ಹೌದು, ಅವನೇ, ನೀನು "ಇವ ನನ್ನ ಜೀವ" ಅಂದವನು. ಬಾಗಿಲಲ್ಲೇ ನಿಂತು ಮಾತಾಡಿದ. ಒಳಗೆ ಬಾ, ನೀರು ಕುಡಿ ಅನ್ನುವಷ್ಟು ಮರ್ಯಾದೆ ನನಗೆ ತೋಚಲಿಲ್ಲ. ನೀನು ಮತ್ತೆ ಮೊದಲಿನ ಹಾಗೆ ಆಗಿದ್ದೀಯಂತೆ. ಅಂಗಡಿಗೆ ಎರಡು ದಿನ ಹೋದರೆ ನಾಲ್ಕು ದಿನ ಇಲ್ಲವಂತೆ. ಅಲ್ಲಿಯ ಡಾಕ್ಟರು ಬರೆದ ಚೀಟಿ ಹಾಗೇ ಬಿದ್ದಿದೆಯಂತೆ. "ನನಗ ಔಷಧಾನೂ ಹತ್ತೂದಿಲ್ಲ, ಆರ ತಿಂಗಳ ತಿಂದು ನೋಡೇನಲ್ಲ" ಅನ್ನುತ್ತೀಯಂತೆ. "ನೀವ ಒಂದ ಮಾತ ಹೇಳ್ರಿ, ನಿಮ್ಮ ಮಾತ ಕೇಳ್ತಾನ" ಎಂದು ಆ ಹುಡುಗ ಕೈ ಮುಗಿದ. ಅವನ ಕಣ್ಣು ತುಂಬಿತ್ತು.

ಸಾನಿಯಾಳ ಕೂಸು ಗೋಡೆ ಹಿಡಿದು ನಿಲ್ಲುತ್ತದೆ. ನಿನ್ನ ಫೋಟೋ ತೋರಿಸಿದರೆ ಮಾಮಾ ಅನ್ನುತ್ತದೆ. ಅಲ್ಲಾಹನು ನಿನ್ನ ಆಯುಷ್ಯ ಗಟ್ಟಿ ಮಾಡಲಿ. ಸಂಗನಬಸವನಿಗೂ ನನ್ನ ದುವಾ ತಿಳಿಸು, ತಪ್ಪದೆ ತಿಳಿಸು.

ನಿನ್ನ ಅಮ್ಮಿ
ಪೀರಾಂಬಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬೇಟಾ, ಆ ಗುಳಿಗೆ ನೀನು ಆರು ತಿಂಗಳು ತಿನ್ನಲಿಲ್ಲ, ಎರಡೇ ತಿಂಗಳು. ಆ ಎರಡು ತಿಂಗಳಲ್ಲಿ ನೀನು ನಗತೊಡಗಿದೆ, ಮತ್ತೆ ಕಾಡಿಗೆ ಹಚ್ಚಿಕೊಂಡೆ, "ನನಗ ಹೆಣ್ಣು ನೋಡಬ್ಯಾಡ ಅಮ್ಮೀ" ಅಂತ ಸಂಗನಬಸವನ ಹೆಸರು ಹೇಳಿದೆ. ಗುಳಿಗೆಯೇ ನಿನ್ನ ತಲೆ ಕೆಡಿಸಿತೆಂದು ತಿಳಿದೆ, ದಡ್ಡಿ ನಾನು. ಮರುದಿನದಿಂದ ಡಬ್ಬಿಗೆ ಹಾಕಿದ್ದು ಬಸುರಿ ಸಾನಿಯಾಗೆ ಆಶಾ ಕಾರ್ಯಕರ್ತೆ ಕೊಟ್ಟಿದ್ದ, ನೋಡಲು ಅಂಥದೇ ಸಣ್ಣ ಶಕ್ತಿಗುಳಿಗೆ. ನೀನು ಮತ್ತೆ ಗೋಡೆಗೆ ಮುಖ ಮಾಡಿದೆ. "ಗುಳಿಗಿ ತಪ್ಪಿಸೀಯೇನು?" ಎಂದು ಡಾಕ್ಟರು ಕೇಳಿದಾಗ "ಇಲ್ರಿ, ನಮ್ಮ ಅಮ್ಮಿ ದಿನಾ ಕೈಯಾರೆ ಕೊಡ್ತಾಳ್ರಿ" ಅಂದೆ. ನಾನು ಪಕ್ಕದಲ್ಲೇ ಸೆರಗು ಹೊದ್ದು ಕೂತಿದ್ದೆ, ತುಟಿ ಬಿಚ್ಚಲಿಲ್ಲ. ಔಷಧ ನಿನಗೆ ಹತ್ತಿತ್ತು, ಮಗನೇ. ಈ ಕಾಗದವನ್ನು ಡಾಕ್ಟರಿಗೆ ತೋರಿಸು, ಅವರು ಹೇಳಿದಂತೆ ಮತ್ತೆ ಶುರು ಮಾಡು. ಆದರೆ ನಿನ್ನ ಕೈಯಿಂದಲೇ ತಗೊ. ನಾನು ಬಂದು ಕೊಟ್ಟರೂ ತಗೋಬೇಡ.